ಝಂಬಾಲೆಸ್ ಕರಾವಳಿಯಲ್ಲಿ ಇಲೊಕಾನೊ ಮನೆಮಾತಾದದ್ದು ಹೇಗೆ?

ಓದುಗರ ಪ್ರಶ್ನೆ: ಇಲೊಕಾನೊ ಭಾಷೆಯ ತವರು ಫಿಲಿಪ್ಪೀನ್ಸ್‌ನ ಲುಝಾನ್ ದ್ವೀಪದ ವಾಯವ್ಯ ತುದಿಯಲ್ಲಿರುವ ಇಲೊಕೊಸ್ ಎಂದು ಓದಿದ್ದೇನೆ. ಆದರೆ ಅಲ್ಲಿಂದ ದಕ್ಷಿಣಕ್ಕೆ ಬಹುದೂರದ ಝಂಬಾಲೆಸ್ ಪ್ರಾಂತ್ಯದ ಸಾನ್ ನಾರ್ಸಿಸೊ ಎಂಬ ಊರಿನವರೂ ಇಲೊಕಾನೊ ತಮ್ಮ ಮನೆಮಾತು ಎನ್ನುತ್ತಾರೆ. ಇದು ಹೇಗೆ ಸಾಧ್ಯ?

ಉತ್ತರ: ಸಾನ್ ನಾರ್ಸಿಸೊ ಊರನ್ನು ಕಟ್ಟಿದವರೇ ಇಲೊಕೊಸ್‌ನಿಂದ ಬಂದ ರೈತರು. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ, ಹೆಚ್ಚಾಗಿ ಉತ್ತರ ಇಲೊಕೊಸ್‌ನ ಪಾವಾಯ್ ಎಂಬ ಊರಿನಿಂದ, ಕುಟುಂಬಗಳು ಗುಂಪುಗುಂಪಾಗಿ 300 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಈ ತೀರಕ್ಕೆ ಬಂದು ನೆಲೆಸಿದವು. ಚದುರಿ ಬಂದ ಕೂಲಿಗಳಾಗಿದ್ದರೆ ಒಂದೆರಡು ತಲೆಮಾರಿನಲ್ಲಿ ಅವರ ಮಾತು ಸುತ್ತಲಿನ ಭಾಷೆಯಲ್ಲಿ ಕರಗಿಹೋಗುತ್ತಿತ್ತು. ಹೆಂಡತಿ ಮಕ್ಕಳೊಡನೆ, ನೆಂಟರಿಷ್ಟರೊಡನೆ ಬಂದು, ತಮ್ಮದೇ ಗದ್ದೆ, ತಮ್ಮದೇ ಚರ್ಚು, ತಮ್ಮದೇ ಊರಾಡಳಿತವನ್ನು ಕಟ್ಟಿಕೊಂಡದ್ದರಿಂದ ಭಾಷೆ ಉಳಿಯಿತು.

ಅವರು ತವರನ್ನು ಬಿಟ್ಟದ್ದಕ್ಕೆ ಮೊದಲ ಕಾರಣ ನೆಲದ ಅಭಾವ. ಇಲೊಕೊಸ್ ಎಂದರೆ ಪಶ್ಚಿಮದ ಸಮುದ್ರಕ್ಕೂ ಪೂರ್ವದ ಕೊರ್ಡಿಲೆರಾ ಬೆಟ್ಟಸಾಲಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಪಟ್ಟಿ. ಜನ ಹೆಚ್ಚಿದಂತೆ ಹಿಡುವಳಿಗಳು ಹಂಚಿಹೋಗಿ ಒಂದು ಸಂಸಾರಕ್ಕೆ ಸಾಲದಷ್ಟು ಸಣ್ಣದಾದವು. ಇದರ ಮೇಲೆ ಸ್ಪ್ಯಾನಿಷ್ ಆಳ್ವಿಕೆಯ ಭಾರವಿತ್ತು: ಗಂಡಾಳುಗಳು ವರ್ಷಕ್ಕೆ 40 ದಿನ ಬಿಟ್ಟಿ ಚಾಕರಿ ಮಾಡಬೇಕಿತ್ತು, 1782ರಿಂದ ಒಂದು ಶತಮಾನದ ಕಾಲ ತಂಬಾಕನ್ನು ಎಲ್ಲಿ ಬೆಳೆಯಬೇಕು, ಯಾರಿಗೆ ಮಾರಬೇಕು ಎಂಬುದನ್ನು ಸರ್ಕಾರವೇ ನಿರ್ಧರಿಸುತ್ತಿತ್ತು, ಕಬ್ಬಿನ ಹಾಲಿನಿಂದ ಮನೆಯಲ್ಲಿ ಮಾಡಿಕೊಳ್ಳುತ್ತಿದ್ದ ಬಾಸಿ ಎಂಬ ಮದ್ಯದ ಮೇಲೂ ಅದು ಹಿಡಿತ ಸಾಧಿಸಹೊರಟು 1807ರಲ್ಲಿ ಬಹಿರಂಗ ದಂಗೆಯನ್ನೇ ಎದುರಿಸಿತು. ದಂಗೆಯ ಕಥೆ ಇತಿಹಾಸದ ಪುಸ್ತಕಗಳಲ್ಲಿ ಎದ್ದು ಕಾಣುತ್ತದೆ. ಆದರೆ ಬಹುಪಾಲು ಜನರ ಉತ್ತರ ದಂಗೆಯಾಗಿರಲಿಲ್ಲ, ಗಂಟುಮೂಟೆ ಕಟ್ಟಿ ಹೊರಡುವುದಾಗಿತ್ತು ಎಂಬುದೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

ಕೆಲವರು ಕರಾವಳಿಯನ್ನು ಹಿಡಿದು ಹಾಯಿದೋಣಿಗಳಲ್ಲಿ ಬಂದರು, ಕೆಲವರು ನೆಲದ ದಾರಿಯಲ್ಲಿ. ಅವರು ಆರಿಸಿಕೊಂಡ ಜಾಗವೂ ತವರಿನ ಪಡಿಯಚ್ಚಿನಂತಿತ್ತು. ಝಂಬಾಲೆಸ್‌ನಲ್ಲಿಯೂ ಪಶ್ಚಿಮಕ್ಕೆ ಅದೇ ದಕ್ಷಿಣ ಚೀನಾ ಸಮುದ್ರ, ಪೂರ್ವಕ್ಕೆ ಬೆಟ್ಟಸಾಲು, ನಡುವೆ ನದಿಗಳು ಹೊತ್ತು ತಂದ ಮಣ್ಣಿನ ಬಯಲು. ಮಳೆಯ ಲೆಕ್ಕವೂ ಅದೇ: ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಧಾರಾಕಾರ ಮಳೆ, ನವೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ. ಹೀಗಾಗಿ ಯಾವಾಗ ಸಸಿಮಡಿ ಮಾಡಬೇಕು, ಯಾವಾಗ ನಾಟಿ, ಕೊಯ್ಲಾದ ಗದ್ದೆಯಲ್ಲಿ ಒಣಕಾಲಕ್ಕೆ ಯಾವ ತರಕಾರಿ ಹಾಕಬೇಕು ಎಂಬ ತಿಳಿವಳಿಕೆಯನ್ನು ಅವರು ಹೊಸದಾಗಿ ಕಲಿಯಬೇಕಾಗಲಿಲ್ಲ. ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಂತೆ ದುಡಿಯುವ ಅಮ್ಮುಯೊ ಪದ್ಧತಿ ಇಲೊಕಾನೊ ರೈತರಲ್ಲಿ ಹಳೆಯದು. ನಮ್ಮ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕೈಯಲ್ಲಿ ಹಣವಿಲ್ಲದವರು ಕಾಡು ಕಡಿದು, ಬದು ಕಟ್ಟಿ, ಗದ್ದೆ ಮಾಡಬೇಕಾದಾಗ ಇಂಥ ಕಟ್ಟುಪಾಡೇ ಅವರ ಬಂಡವಾಳ.

ಆ ನೆಲ ಖಾಲಿಯಾಗಿತ್ತು ಎಂದು ಭಾವಿಸಬಾರದು. ಬಯಲಿನಲ್ಲಿಯೂ ತೀರದಲ್ಲಿಯೂ ಸಂಬಾಲ್ ಭಾಷಿಕರಿದ್ದರು, ಬೆಟ್ಟಗಳಲ್ಲಿ ಆಯ್ತಾ ಮೂಲನಿವಾಸಿಗಳಿದ್ದರು. ಸಾನ್ ನಾರ್ಸಿಸೊ ಇರುವ ಜಾಗಕ್ಕೆ ಮೊದಲಿದ್ದ ಹೆಸರು ಅಲುಸಿಸ್; ಅದು ಈಗ ಊರಿನ ಒಂದು ಬರಂಗಾಯ್‌ನ, ಅಂದರೆ ವಾರ್ಡಿನಂಥ ಆಡಳಿತ ಘಟಕದ, ಹೆಸರಾಗಿ ಮಾತ್ರ ಉಳಿದಿದೆ. ವಲಸಿಗರು ಗದ್ದೆಯನ್ನು ವಿಸ್ತರಿಸಿದಂತೆ ಮೊದಲಿದ್ದವರು ಹಿಂದೆ ಸರಿದರು. ಊರಿನ ಸಾಹಸಗಾಥೆಯನ್ನು ಹೇಳುವಾಗ ಈ ಭಾಗವನ್ನು ಬೇಗ ದಾಟಿಬಿಡುವುದು ರೂಢಿ, ಆದರೆ ಝಂಬಾಲೆಸ್‌ನ ಭಾಷಾ ನಕ್ಷೆ ಅದನ್ನು ಮರೆಯಲು ಬಿಡುವುದಿಲ್ಲ: ಪ್ರಾಂತ್ಯದ ಉತ್ತರ ಭಾಗದಲ್ಲಿ ಇಂದಿಗೂ ಸಂಬಾಲ್ ಪ್ರಬಲ, ದಕ್ಷಿಣದ ಸಾನ್ ನಾರ್ಸಿಸೊ, ಸಾನ್ ಫೆಲಿಪೆ, ಸಾನ್ ಮಾರ್ಸೆಲಿನೊ, ಸಾನ್ ಆಂಟೋನಿಯೊಗಳಲ್ಲಿ ಇಲೊಕಾನೊ, ಅದಕ್ಕೂ ದಕ್ಷಿಣದ ಸುಬಿಕ್ ಕಡೆಗೆ ಟಗಾಲೊಗ್.

1846ರಲ್ಲಿ ಊರಿಗೆ ಪ್ರತ್ಯೇಕ ಪಟ್ಟಣದ ಸ್ಥಾನ ದೊರೆತಾಗ ಅಂದಿನ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾನ ಹೆಸರಿನ ಸಂತನೇ ಊರಿಗೂ ಹೆಸರಾದ. ಫಿಲಿಪ್ಪೀನ್ಸ್‌ನ ಪಂಚಾಂಗದಿಂದ 1844ರ ಡಿಸೆಂಬರ್ 31ನ್ನೇ ತೆಗೆದುಹಾಕಿ ದಿನಾಂಕವನ್ನು ಏಷ್ಯಾದ ಉಳಿದ ಭಾಗಕ್ಕೆ ಹೊಂದಿಸಿದವನು, 1849ರಲ್ಲಿ ಪಟ್ಟಿಯೊಂದನ್ನು ಕೊಟ್ಟು ಜನರಿಗೆ ಕುಲನಾಮಗಳನ್ನು ಹಂಚಿಸಿದವನು ಇವನೇ. ಆದರೆ ಸಂತರ ಹೆಸರುಗಳ ಪಕ್ಕದಲ್ಲಿಯೇ ರೈತರು ಇಟ್ಟ ಹೆಸರುಗಳೂ ಇವೆ. ಬೆಡ್ಡೆಂಗ್ ಎಂಬ ಬರಂಗಾಯ್‌ಗೆ ಇಲೊಕಾನೊದಲ್ಲಿ ಗಡಿ ಎಂದರ್ಥ. ದಲ್ಲಿಪಾವೆನ್ ಎಂಬುದು ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ಯಾವುದರ ತೊಗಟೆಯ ಕಷಾಯ ಕುಡಿಯುತ್ತಾರೋ ಆ ಹಾಲೆಮರವೇ.

ಸುಮಾರು 30 ಸಾವಿರ ಜನರಿರುವ ಈ ಊರು ಇಂದಿಗೂ ಭತ್ತ, ಮಾವು, ತರಕಾರಿ ಮತ್ತು ಮೀನುಗಾರಿಕೆಯನ್ನು ನಂಬಿದೆ. ಆದರೆ ಬಯಲಿಗೆ ಮಣ್ಣು ಕೊಟ್ಟ ಸಾಂತೊ ತೋಮಾಸ್ ನದಿ 1991ರ ನಂತರ ಭಯದ ಮೂಲವೂ ಆಯಿತು. ಆ ವರ್ಷದ ಜೂನ್ 15ರಂದು ಪಿನಾತುಬೊ ಜ್ವಾಲಾಮುಖಿ ಸಿಡಿದ ದಿನವೇ ಚಂಡಮಾರುತವೂ ಹಾದುಹೋಗಿ, ಮಳೆಯಲ್ಲಿ ನೆನೆದು ಭಾರವಾದ ಬೂದಿಗೆ ಸುತ್ತಲ ಊರುಗಳಲ್ಲಿ ಮನೆಗಳ ಮಾಡುಗಳು ಕುಸಿದವು. ನಿಜವಾದ ಪೀಡೆ ಅನಂತರದ್ದು. ಬೆಟ್ಟದ ಇಳಿಜಾರಿನಲ್ಲಿ ಕುಳಿತಿದ್ದ ಬೂದಿಯು ಪ್ರತಿ ಮಳೆಗಾಲವೂ ಲಹಾರ್ ಎಂಬ ಕೆಸರುಪ್ರವಾಹವಾಗಿ ಹರಿದು ಬಂದು, ನದಿಯ ಪಾತ್ರವನ್ನು ಎತ್ತರಿಸುತ್ತ ಹೋಯಿತು. ಮೇಲ್ಭಾಗದ ಸಾನ್ ಮಾರ್ಸೆಲಿನೊದಲ್ಲಿ ಉಪನದಿಯೊಂದು ಹೂಳಿನಿಂದ ಕಟ್ಟಿಕೊಂಡು ಹಳ್ಳಿಗಳು ಮಪನುಯೆಪೆ ಎಂಬ ಹೊಸ ಕೆರೆಯಲ್ಲಿ ಮುಳುಗಿದವು. ಕೆಳಗಿನ ಗದ್ದೆಗಳ ರಕ್ಷಣೆ ಆಗಿನಿಂದ ನದೀದಂಡೆಯ ಒಡ್ಡುಗಳನ್ನು ಅವಲಂಬಿಸಿದೆ. ಬೆಟ್ಟಗಳಲ್ಲಿದ್ದ ಆಯ್ತಾಗಳೂ ಪಿನಾತುಬೊದ ಇಳಿಜಾರುಗಳನ್ನು ಬಿಟ್ಟು ಕೆಳಗಿಳಿಯಬೇಕಾಯಿತು.

ಸಾನ್ ನಾರ್ಸಿಸೊಗೆ ಬಂದು ತಲುಪಿದ ಮೇಲೂ ವಲಸೆ ನಿಲ್ಲಲಿಲ್ಲ. ಇಲೊಕಾನೊ ಕಾರ್ಮಿಕರು 1906ರಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಹೋದರು. ಹತ್ತಿರದ ಸುಬಿಕ್‌ನಲ್ಲಿದ್ದ ಅಮೆರಿಕದ ನೌಕಾನೆಲೆ 1992ರಲ್ಲಿ ಮುಚ್ಚುವವರೆಗೂ ಝಂಬಾಲೆಸ್‌ನ ಅನೇಕರಿಗೆ ಕೆಲಸ ಕೊಟ್ಟಿತು. 1820ರಲ್ಲಿ ಮನಿಲಾದಲ್ಲಿ ನೌಕಾಶಾಲೆಯಾಗಿ ಆರಂಭವಾದ ಫಿಲಿಪ್ಪೀನ್ ಮರ್ಚೆಂಟ್ ಮರೀನ್ ಅಕಾಡೆಮಿ 1998ರಿಂದ ಸಾನ್ ನಾರ್ಸಿಸೊದಲ್ಲಿಯೇ ಇದೆ, ಮತ್ತು ಅಲ್ಲಿ ಕಲಿತವರು ಜಗತ್ತಿನ ಹಡಗುಗಳಲ್ಲಿ ಅಧಿಕಾರಿಗಳಾಗಿ ದುಡಿಯುತ್ತಾರೆ.

ಭಾಷೆಯ ಮೇಲಿನ ಒತ್ತಡ ಇಂದು ಸಂಬಾಲ್‌ನದಲ್ಲ, ಟಗಾಲೊಗ್‌ನದು. ಟಗಾಲೊಗ್ ಆಧಾರಿತ ಫಿಲಿಪಿನೊ ಶಾಲೆಯಲ್ಲಿದೆ, ಟಿವಿಯಲ್ಲಿದೆ, ಮನಿಲಾದಿಂದ ಬರುವ ಪ್ರವಾಸಿಗರ ಬಾಯಲ್ಲಿದೆ. 2012ರಿಂದ ಕೆಳಗಿನ ತರಗತಿಗಳಲ್ಲಿ ಇಲೊಕಾನೊವೂ ಸೇರಿ ಹಲವು ತಾಯ್ನುಡಿಗಳಲ್ಲಿ ಪಾಠ ಹೇಳುವ ವ್ಯವಸ್ಥೆಯಿತ್ತು; ತಾಯ್ನುಡಿಯ ಮಾಧ್ಯಮ ಕಡ್ಡಾಯವಲ್ಲ ಎಂಬ ಕಾನೂನು 2024ರಲ್ಲಿ ಬಂದ ಮೇಲೆ, ಅದನ್ನು ಮಕ್ಕಳಿಗೆ ದಾಟಿಸುವ ಕೆಲಸ ಮತ್ತೆ ಮೊದಲಿನಂತೆ ಹೆಚ್ಚಾಗಿ ಮನೆಗಳ ಪಾಲಿಗೇ ಬಂದಿದೆ.