ಪದ ಪರಿಚಯ: ಸ್ವಾಧೀನ (ಮತ್ತು ಅದರ ಕುರ್ಚಿಯಲ್ಲಿ ಬಂದು ಕೂರುವ ವಿಲೀನ)

ಅಕ್ಕನ ಮಗ ಏಳನೇ ಕ್ಲಾಸು. ಯಾವುದೋ ಕ್ವಿಜ್‌ನಲ್ಲಿ ಅವನಿಗೆ ಒಂದು ಪ್ರಶ್ನೆ ಬಂದಿತ್ತಂತೆ: ‘ಮೈನ್‌ಕ್ರಾಫ್ಟ್ ಆಟವನ್ನು ರೂಪಿಸಿದ ಮೊಜಾಂಗ್ ಸಂಸ್ಥೆ ಯಾವ ಕಂಪನಿಯಲ್ಲಿ ವಿಲೀನವಾಯಿತು?’ ಇವನು ‘ವಿಲೀನ ಆಗಿಲ್ಲ’ ಅಂತ ಬರೆದು ಬಂದ. ಸೊನ್ನೆ ಸಿಕ್ಕಿತು.

‘ಮಾಮ, ಗೇಮ್ ಓಪನ್ ಮಾಡಿದ ತಕ್ಷಣ ಕೆಂಪು ಸ್ಕ್ರೀನ್ ಮೇಲೆ ಮೊಜಾಂಗ್ ಅಂತಾನೇ ಬರುತ್ತೆ. ಕಂಪನಿ ಕರಗಿ ಹೋಗಿದ್ರೆ ಹೆಸರು ಎಲ್ಲಿಂದ ಬರುತ್ತೆ?’

ಹುಡುಗ ಹೇಳಿದ್ದೇ ಸರಿ. ಪ್ರಶ್ನೆ ಬರೆದವರೊಬ್ಬರದ್ದೇ ತಪ್ಪು ಅಂತಲೂ ಅಲ್ಲ. ಒಂದು ಗೇಮ್ ಸ್ಟುಡಿಯೋವನ್ನು ದೊಡ್ಡ ಕಂಪನಿ ಕೊಂಡಿತು ಅನ್ನೋ ಸುದ್ದಿ ಬಂದಾಗಲೆಲ್ಲ ನಮ್ಮ ಶೀರ್ಷಿಕೆಗಳಲ್ಲಿ ವಿಲೀನ, ಸ್ವಾಧೀನ, ತೆಕ್ಕೆಗೆ, ಮಡಿಲಿಗೆ, ಪಾಲು ಎಲ್ಲವೂ ಒಂದೇ ಅರ್ಥದಲ್ಲಿ ಓಡಾಡುತ್ತವೆ. ಜಾಗ ಎಷ್ಟಿದೆಯೋ ಅಷ್ಟುದ್ದದ ಪದ. ತೆಕ್ಕೆ, ಮಡಿಲುಗಳ ಬಗ್ಗೆ ನನಗೆ ತಕರಾರಿಲ್ಲ. ಅವು ಅಲಂಕಾರ. ಹೆಬ್ಬಾವಿಗೂ ತೆಕ್ಕೆ ಇರುತ್ತದೆ ಅನ್ನೋದನ್ನು ಶೀರ್ಷಿಕೆ ಬರೆಯುವವರು ಮರೆತಿರಬಹುದು, ಇರಲಿ. ವಿಲೀನ ಮತ್ತು ಸ್ವಾಧೀನ ಹಾಗಲ್ಲ. ಅವು ಲೆಕ್ಕದ ಪದಗಳು. ಅದಲು ಬದಲು ಮಾಡಿದರೆ ಸುದ್ದಿಯೇ ಸುಳ್ಳಾಗುತ್ತದೆ.

ವಿಲೀನದ ವಿಷಯ ಬೇಗ ಮುಗಿಸೋಣ. ಲಯ, ಲೀನ, ಪ್ರಳಯ ಎಲ್ಲ ಹುಟ್ಟಿದ ಧಾತುವಿನಿಂದಲೇ ಬಂದ ಪದ ಅದು. ಕರಗುವುದು ಎಂದರ್ಥ. ನೀರಿಗೆ ಉಪ್ಪು ಹಾಕಿದರೆ ಉಪ್ಪು ವಿಲೀನ. ಆಮೇಲೆ ಉಪ್ಪನ್ನು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಇದು ಹೇಗಿರುತ್ತದೆ ಅಂತ ಕನ್ನಡಿಗರಿಗೆ ಯಾರೂ ಪಾಠ ಮಾಡಬೇಕಿಲ್ಲ. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್. 2020ರ ಅದೇ ತಾರೀಖಿಗೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್. ಬೋರ್ಡ್ ಬದಲಾಯಿತು, ಪಾಸ್‌ಬುಕ್ ಬದಲಾಯಿತು. ಬೆಂಗಳೂರಲ್ಲಿ ಕಂಡಕ್ಟರ್ ಈಗಲೂ ‘ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್’ ಅಂತ ಕೂಗುತ್ತಾನೆ. ಇಳಿದು ನೋಡಿದರೆ ಸರ್ಕಲ್ ಇದೆ, ಆ ಹೆಸರಿನ ಬ್ಯಾಂಕ್ ಇಲ್ಲ. ವಿಲೀನ ಅಂದರೆ ಇದು.

ಮೊಜಾಂಗ್‌ಗೆ ಹೀಗೆ ಆಗಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು 250 ಕೋಟಿ ಡಾಲರ್‌ಗೆ ಕೊಂಡಿತು. ಕಚೇರಿ ಸ್ಟಾಕ್‌ಹೋಮ್‌ನಲ್ಲೇ ಉಳಿಯಿತು, ಹೆಸರು ಉಳಿಯಿತು. ಮೈಕ್ರೋಸಾಫ್ಟ್‌ನ ಎದುರಾಳಿಯಾದ ಸೋನಿಯ ಪ್ಲೇಸ್ಟೇಷನ್‌ನಲ್ಲೂ ಮೈನ್‌ಕ್ರಾಫ್ಟ್ ಮಾರಾಟ ನಿಲ್ಲಲಿಲ್ಲ. 2020ರಲ್ಲಿ ಹೆಸರಿಗೆ ‘ಸ್ಟುಡಿಯೋಸ್’ ಅಂತ ಒಂದು ಬಾಲ ಸೇರಿತು, ಅಷ್ಟೇ.

ಸರಿ, ವಿಲೀನ ಅಲ್ಲ, ಸ್ವಾಧೀನ. ಇಲ್ಲಿಗೆ ಮುಗಿಯಿತಾ? ನನ್ನ ನಿಜವಾದ ಜಗಳ ಇರುವುದು ಇಲ್ಲೇ.

ಸ್ವ ಎಂದರೆ ತಾನು. ಅಧೀನ ಎಂದರೆ ಒಬ್ಬರ ಕೈಕೆಳಗೆ ಇರುವುದು. ಸ್ವಾಧೀನ ಎಂದರೆ ತನ್ನ ಹಿಡಿತದಲ್ಲಿ ತಾನೇ ಇರುವುದು. ನಮ್ಮ ಮಾತಿನಲ್ಲಿ ಈ ಅರ್ಥ ಇನ್ನೂ ಜೀವಂತ ಇದೆ. ಲಕ್ವ ಹೊಡೆದವರ ಬಗ್ಗೆ ‘ಎಡಗೈ ಸ್ವಾಧೀನ ಇಲ್ಲ’ ಅನ್ನುತ್ತೇವೆ. ಜಾಸ್ತಿ ಕುಡಿದವನಿಗೆ ‘ಮೈ ಮೇಲೆ ಸ್ವಾಧೀನ ಇಲ್ಲ’. ಬುದ್ಧಿ ಸ್ವಾಧೀನದಲ್ಲಿ ಇಟ್ಟುಕೊಂಡು ಮಾತಾಡು ಅಂತ ಬೈಯುವುದೂ ಉಂಟು. ಅಲ್ಲೆಲ್ಲ ಸ್ವಾಧೀನ ಇರಬೇಕಾದ್ದು, ತಪ್ಪಬಾರದ್ದು. ಹಾಗೆ ನೋಡಿದರೆ ಯಾರ ಅಪ್ಪಣೆಗೂ ಕಾಯದೆ ತನ್ನ ಆಟ ತಾನು ಮಾಡಿಕೊಂಡಿರುವ ಇಂಡಿ ಸ್ಟುಡಿಯೋವೇ ಸ್ವಾಧೀನ ಸ್ಟುಡಿಯೋ! ದೊಡ್ಡ ಕಂಪನಿ ಕೊಂಡ ದಿನ ಅದು ಪರಾಧೀನ ಆಗುತ್ತದೆ. ನಾವು ಮಾತ್ರ ‘ಸ್ವಾಧೀನವಾಯಿತು’ ಅನ್ನುತ್ತೇವೆ. ಯಾರ ಸ್ವ? ಕೊಂಡವನದು. ಪದ ಯಾವಾಗಲೋ ಸದ್ದಿಲ್ಲದೆ ಪಕ್ಷ ಬದಲಿಸಿದೆ.

(ಇಂಡಿ ಎಂದಾಗ ವಿಜಯಪುರ ಜಿಲ್ಲೆಯವರಿಗೆ ಲಿಂಬೆಹಣ್ಣು ನೆನಪಾದರೆ ಅದು ಅವರ ತಪ್ಪಲ್ಲ. ನಾನು ಹೇಳುತ್ತಿರುವುದು ಆ ಊರಿನ ವಿಷಯ ಅಲ್ಲ.)

ಪಕ್ಷ ಬದಲಿಸುವುದಕ್ಕೆ ಜಾಸ್ತಿ ನೆರವಾದದ್ದು ಭೂಸ್ವಾಧೀನ ಅನ್ನುವುದು ನನ್ನ ಲೆಕ್ಕ. ಪತ್ರಿಕೆಗಳಿಗೆ ಕೈಗೆ ಸಿಕ್ಕಿದ ತಯಾರಿ ಮಾಲು ಅದೇ. ಆದರೆ ಭೂಸ್ವಾಧೀನದಲ್ಲಿ ಜಮೀನಿನವನು ಮಾರುತ್ತೇನೆ ಅಂತ ಹೇಳಿರುವುದಿಲ್ಲ. ನೋಟಿಸ್ ಬರುತ್ತದೆ, ಪರಿಹಾರ ಬರುತ್ತದೆ ಅಥವಾ ಬರುವುದಿಲ್ಲ. ದೇವನಹಳ್ಳಿ ತಾಲ್ಲೂಕಿನ ರೈತರು ವರ್ಷಗಟ್ಟಲೆ ಧರಣಿ ಕೂತ ಮೇಲೆ 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತಲ್ಲ, ಆ ವಾಸನೆ ಈ ಪದಕ್ಕೆ ಅಂಟಿಕೊಂಡಿದೆ. ಅದನ್ನೇ ತಂದು ಗೇಮ್ ಸ್ಟುಡಿಯೋಗೆ ಅಂಟಿಸಿದರೆ ಓದುವವರ ಕಣ್ಣಿಗೆ ಪೊಲೀಸು, ಜೆಸಿಬಿ ಎಲ್ಲ ಬಂದು ನಿಲ್ಲುತ್ತವೆ.

ಮೊಜಾಂಗ್ ಕತೆ ಪೂರ್ತಿ ಉಲ್ಟಾ. ಅದರ ದೊಡ್ಡ ಪಾಲುದಾರ ಮಾರ್ಕಸ್ ಪರ್ಸನ್, ಆಡುವವರೆಲ್ಲ ನಾಚ್ ಎಂದು ಕರೆಯುವವನು, 2014ರ ಜೂನ್‌ನಲ್ಲಿ ‘ನನ್ನ ಪಾಲು ಯಾರಾದರೂ ಕೊಳ್ಳುತ್ತೀರಾ’ ಅಂತ ಟ್ವಿಟರ್‌ನಲ್ಲಿ ತಾನೇ ಕೇಳಿದ್ದ. ಆಟವನ್ನು ಬಳಸುವ ಷರತ್ತುಗಳ ವಿಷಯಕ್ಕೆ ಜನರಿಂದ ಬೈಸಿಕೊಂಡು ಸಾಕಾಗಿತ್ತು. ಮಾರಿದ ದಿನ ಬರೆದ ಪತ್ರದಲ್ಲಿ ಇದು ದುಡ್ಡಿನ ವಿಷಯ ಅಲ್ಲ, ತನ್ನ ಬುದ್ಧಿ ನೆಟ್ಟಗೆ ಉಳಿಯಬೇಕು ಅನ್ನುವ ಅರ್ಥದ ಮಾತು ಹೇಳಿದ. ಅಂದರೆ, ನಮ್ಮ ಹಳೆಯ ಅರ್ಥದಲ್ಲಿ, ಬುದ್ಧಿ ಸ್ವಾಧೀನದಲ್ಲಿ ಇರಲಿ ಅಂತ ಕಂಪನಿಯನ್ನು ಬೇರೆಯವರ ಸ್ವಾಧೀನಕ್ಕೆ ಕೊಟ್ಟ. ಮೂವರು ಸಂಸ್ಥಾಪಕರೂ ಹೊರಗೆ ಹೋದರು.

ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಮನೆಯಲ್ಲಿ ಹಳೆಯ ಕ್ರಯಪತ್ರ ಇದ್ದರೆ ತೆಗೆದು ಓದಿ. ಇಷ್ಟು ರೂಪಾಯಿಗೆ ಶುದ್ಧ ಕ್ರಯ ಮಾಡಿಕೊಟ್ಟಿರುತ್ತೇವೆ ಅಂತ ಒಂದು ಕಡೆ ಇರುತ್ತದೆ. ಸ್ವತ್ತನ್ನು ಈ ದಿವಸವೇ ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇವೆ ಅಂತ ಇನ್ನೊಂದು ಕಡೆ ಬೇರೆಯಾಗಿಯೇ ಇರುತ್ತದೆ. ಯಾಕೆ ಎರಡು ವಾಕ್ಯ? ಕ್ರಯ ಬೇರೆ, ಸ್ವಾಧೀನ ಬೇರೆ. ಕ್ರಯ ಎಂದರೆ ಕಾಗದದ ಮೇಲೆ ಯಾರದು ಅನ್ನುವುದು. ಸ್ವಾಧೀನ ಎಂದರೆ ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನುವುದು. ಸೈಟು ಕೊಂಡು, ರಿಜಿಸ್ಟರ್ ಮಾಡಿಸಿ, ಒಳಗಿದ್ದವರನ್ನು ಬಿಡಿಸಲು ಹತ್ತು ವರ್ಷ ಕೋರ್ಟಿಗೆ ಅಲೆದವರನ್ನು ಕೇಳಿ. ಹಳ್ಳಿಯ ಪತ್ರ ಬರಹಗಾರ ಎಂದೋ ಬಿಡಿಸಿ ಇಟ್ಟ ಈ ವ್ಯತ್ಯಾಸವನ್ನು ನಮ್ಮ ಬಿಸಿನೆಸ್ ಪುಟಗಳು ಒಂದೇ ಪದಕ್ಕೆ ಸೇರಿಸಿ ಗಂಟು ಹಾಕಿಬಿಟ್ಟಿವೆ.

ಗೇಮ್ ಕಂಪನಿಗಳ ಜಗಳಗಳೆಲ್ಲ ಇರುವುದು ಈ ಎರಡರ ನಡುವಿನ ಸಂದಿಯಲ್ಲೇ.

ಬಂಗಿಯನ್ನು ನೋಡಿ. 1991ರಲ್ಲಿ ಶಿಕಾಗೋದಲ್ಲಿ ಶುರುವಾದ ಸ್ಟುಡಿಯೋ. 2000ದಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2007ರಲ್ಲಿ ಬಿಡಿಸಿಕೊಂಡು ಹೊರಬಂತು, 2022ರಲ್ಲಿ ಸೋನಿ 360 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆಗ ಎರಡೂ ಕಡೆಯವರು ಬಳಸಿದ ಮಾತು ‘ಸ್ವತಂತ್ರ ಅಂಗಸಂಸ್ಥೆ’. ಆಟಗಳನ್ನು ಬಂಗಿಯೇ ಪ್ರಕಟಿಸುತ್ತದೆ, ಸೋನಿಯದಲ್ಲದ ಯಂತ್ರಗಳಲ್ಲೂ ಬಿಡುಗಡೆ ಮಾಡುತ್ತದೆ ಅನ್ನುವ ಮಾತುಕತೆ. ಅಂಗವೂ ಹೌದು, ಸ್ವತಂತ್ರವೂ ಹೌದು. ಕೇಳಿದಾಗ ಎಷ್ಟೋ ಜನ ನಕ್ಕಿದ್ದರು. ಕ್ರಯಪತ್ರದ ಭಾಷೆಯಲ್ಲಿ ಇದು ನಗುವ ವಿಷಯವೇ ಅಲ್ಲ: ಕ್ರಯ ಆಗಿದೆ, ಸ್ವಾಧೀನ ಬಿಟ್ಟುಕೊಟ್ಟಿಲ್ಲ. ಮುಂದೆ 2023ರಲ್ಲಿ, ಮತ್ತೆ 2024ರಲ್ಲಿ ಬಂಗಿ ನೂರಾರು ಜನರನ್ನು ಮನೆಗೆ ಕಳಿಸಿತು. 2025ರ ಆಗಸ್ಟ್‌ನಲ್ಲಿ ಸೋನಿಯೇ ಹೂಡಿಕೆದಾರರ ಮುಂದೆ, ಬಂಗಿಗೆ ಇದ್ದ ಸ್ವಾತಂತ್ರ್ಯ ಕಡಿಮೆಯಾಗುತ್ತಿದೆ, ಅದು ಪ್ಲೇಸ್ಟೇಷನ್ ಸ್ಟುಡಿಯೋಸ್‌ನ ಭಾಗವಾಗುತ್ತಿದೆ ಎಂದಿತು. 2022ರಲ್ಲಿ ಕ್ರಯ, ಸ್ವಾಧೀನ ನಿಧಾನವಾಗಿ ಆಮೇಲೆ. ಎರಡಕ್ಕೂ ಒಂದೇ ಪದ ಬಳಸಿದರೆ ಈ ಮೂರು ವರ್ಷದ ಸುದ್ದಿಯನ್ನು ಬರೆಯುವುದು ಹೇಗೆ?

ಇದಕ್ಕಿಂತ ಗಟ್ಟಿ ಉದಾಹರಣೆ ಅನ್‌ನೋನ್ ವರ್ಲ್ಡ್ಸ್. ಸಮುದ್ರದಾಳದಲ್ಲಿ ಬದುಕಿ ಉಳಿಯುವ ಸಬ್‌ನಾಟಿಕಾ ಆಟ ಮಾಡಿದವರು. 2021ರಲ್ಲಿ ಇವರನ್ನು ಕೊರಿಯಾದ ಕ್ರಾಫ್ಟನ್ ಕೊಂಡಿತು. ನಮ್ಮ ಹುಡುಗರು ಬಸ್‌ನಲ್ಲೂ ಬಿಡದೆ ಆಡುವ ಬಿಜಿಎಂಐ ಇದೆಯಲ್ಲ, ಅದೇ ಕ್ರಾಫ್ಟನ್. ಕೈಗೆ ಕೊಟ್ಟದ್ದು 50 ಕೋಟಿ ಡಾಲರ್. ಮುಂದೆ ಇಂತಿಷ್ಟು ವ್ಯಾಪಾರ ಆದರೆ ಇನ್ನೂ 25 ಕೋಟಿ ಡಾಲರ್‌ವರೆಗೆ ಕೊಡುವುದು ಅಂತ ಕರಾರು. ಹೀಗೆ ಉಳಿಸಿಕೊಂಡ ಬಾಕಿಗೆ ಕನ್ನಡದಲ್ಲಿ ಪದ ಹುಡುಕುತ್ತಾ ಸಮಯ ಕಳೆಯಬೇಡಿ, ‘ಗಳಿಕೆ ನೋಡಿ ಕೊಡುವ ಬಾಕಿ’ ಅಂದರೆ ಅಡಿಕೆ ವ್ಯಾಪಾರಿಗೂ ಅರ್ಥವಾಗುತ್ತದೆ. 2025ರ ಜುಲೈನಲ್ಲಿ ಕ್ರಾಫ್ಟನ್ ಸ್ಟುಡಿಯೋದ ಮೇಲಿನ ಮೂವರನ್ನು ತೆಗೆದುಹಾಕಿತು, ಎರಡನೇ ಸಬ್‌ನಾಟಿಕಾ ಮುಂದಕ್ಕೆ ಹೋಯಿತು, ಅವರು ಅಮೆರಿಕದ ಡೆಲವೇರ್ ಕೋರ್ಟಿಗೆ ಹೋದರು. ಸ್ಟುಡಿಯೋ ನಡೆಸುವ ಹಕ್ಕು ಕರಾರಿನ ಪ್ರಕಾರ ನಮ್ಮದೇ ಇತ್ತು, ಬಾಕಿ ತಪ್ಪಿಸಲು ಹೀಗೆ ಮಾಡಿದರು ಎಂಬುದು ಅವರ ವಾದವಾಗಿತ್ತು. ಅವರು ಹೊಣೆ ಕೈಬಿಟ್ಟಿದ್ದರು, ಆಟ ಇನ್ನೂ ಸಿದ್ಧವಾಗಿರಲಿಲ್ಲ ಎಂಬುದು ಕಂಪನಿಯ ವಾದವಾಗಿತ್ತು. ಯಾರು ಸರಿ ಅನ್ನುವುದು ನನ್ನ ವಿಷಯ ಅಲ್ಲ. ಕ್ರಯದ ಬಗ್ಗೆ ಅಲ್ಲಿ ಜಗಳವೇ ಇರಲಿಲ್ಲ, ಮಾರಾಟ ಆಗಿದೆ ಅಂತ ಇಬ್ಬರೂ ಒಪ್ಪಿದ್ದರು. ಜಗಳ ಪೂರ್ತಿ ಸ್ವಾಧೀನದ್ದು. ‘2021ರಲ್ಲೇ ಸ್ವಾಧೀನವಾಯಿತು’ ಅಂತ ಬರೆದವರು ಕೋರ್ಟಿಗಿಂತ ಮುಂಚೆ ತೀರ್ಪು ಕೊಟ್ಟಂತೆ.

ಹಾಗಾದರೆ ಗೇಮ್ ಲೋಕದಲ್ಲಿ ವಿಲೀನವೇ ಇಲ್ಲವಾ? ಇದೆ. ವೈಕೇರಿಯಸ್ ವಿಷನ್ಸ್ ಅನ್ನುವ ಸ್ಟುಡಿಯೋವನ್ನು ಆಕ್ಟಿವಿಷನ್ ಕಂಪನಿ 2005ರಲ್ಲಿ ಕೊಂಡಿತು. ಎಷ್ಟೋ ವರ್ಷ ತನ್ನ ಹೆಸರಲ್ಲೇ ಆಟ ಮಾಡಿಕೊಂಡಿತ್ತು. 2021ರಲ್ಲಿ ಅದನ್ನು ಅದೇ ಗುಂಪಿನ ಬ್ಲಿಝಾರ್ಡ್ ಕೆಳಗೆ ತಂದರು, 2022ರಲ್ಲಿ ಹೆಸರು ಅಳಿಸಿ ಬ್ಲಿಝಾರ್ಡ್ ಆಲ್ಬನಿ ಮಾಡಿದರು. ಕ್ರಯಕ್ಕೂ ಕರಗುವುದಕ್ಕೂ ನಡುವೆ 17 ವರ್ಷ. ಈ ವಾಕ್ಯದಲ್ಲಿ ವಿಲೀನ ಬಳಸಿ, ನಾನೇ ಚಪ್ಪಾಳೆ ತಟ್ಟುತ್ತೇನೆ.

ಪಾಲು ಅನ್ನುವ ಪದಕ್ಕೂ ಒಂದು ಮಾತು. ಚೀನಾದ ಟೆನ್‌ಸೆಂಟ್ 2012ರಲ್ಲಿ ಎಪಿಕ್ ಗೇಮ್ಸ್‌ನ ಸುಮಾರು 40% ಪಾಲು ಕೊಂಡಿತು. ಇದನ್ನು ‘ಎಪಿಕ್ ಟೆನ್‌ಸೆಂಟ್ ಪಾಲು’ ಅಂತ ಬರೆದರೆ ಅರ್ಥ ಕೆಟ್ಟಿತು. ಪಾಲು ಕೊಳ್ಳುವುದು ಬೇರೆ, ಪಾಲಾಗುವುದು ಬೇರೆ. ನೀರುಪಾಲು, ಮಣ್ಣುಪಾಲು ಆದದ್ದರಲ್ಲಿ 60% ದಡದಲ್ಲಿ ಉಳಿದಿರುವುದಿಲ್ಲ. ರಾಯಟ್ ಗೇಮ್ಸ್ ಮಾತ್ರ ಎರಡನ್ನೂ ಕಂಡಿದೆ: 2011ರಲ್ಲಿ ಟೆನ್‌ಸೆಂಟ್ ಅದರ ದೊಡ್ಡ ಪಾಲು ಕೊಂಡಿತು, 2015ರಲ್ಲಿ ರಾಯಟ್ ಪೂರ್ತಿ ಅದರ ಪಾಲಾಯಿತು.

ಪ್ರಕಾಶನ ಒಪ್ಪಂದವನ್ನು ಖರೀದಿ ಅಂತ ಓದುವವರೂ ಇದ್ದಾರೆ. ಅವರಿಗೆ ಒಂದೇ ಸಾಲು: ಗುತ್ತಿಗೆಗೆ ಕೊಟ್ಟ ತೋಟ ಮಾರಿದ ತೋಟ ಅಲ್ಲ.

ಇನ್ನು ಬಿಡಿಸಿಕೊಂಡು ಹೊರಬರುವುದು. ಇದಕ್ಕೆ ಕನ್ನಡ ಸುದ್ದಿಗಳಲ್ಲಿ ‘ಸ್ವತಂತ್ರವಾಯಿತು’ ಅನ್ನುವ ಒಂದೇ ಪದ. ಅಣ್ಣತಮ್ಮಂದಿರು ಬೇರೆಯಾದರು ಅಂದಾಗ ನಾವು ಮೊದಲು ಕೇಳುವುದೇನು? ಯಾರಿಗೆ ಏನು ಬಂತು, ಅಲ್ವಾ? 2007ರಲ್ಲಿ ಬಂಗಿ ಹೊರಬಂದಾಗ ತಾನೇ ಹುಟ್ಟಿಸಿದ ಹೇಲೋ ಆಟ ಮೈಕ್ರೋಸಾಫ್ಟ್ ಹತ್ತಿರವೇ ಉಳಿಯಿತು. 2017ರಲ್ಲಿ ಸ್ಕ್ವೇರ್ ಎನಿಕ್ಸ್‌ನಿಂದ ಹೊರಬಂದ ಡೆನ್ಮಾರ್ಕಿನ ಐಒ ಇಂಟರಾಕ್ಟಿವ್ ತನ್ನ ಹಿಟ್‌ಮ್ಯಾನ್ ಆಟವನ್ನು ಜೊತೆಗೆ ತಂದುಕೊಂಡಿತು. ಟೋಕಿಯೋದ ಟ್ಯಾಂಗೋ ಗೇಮ್‌ವರ್ಕ್ಸ್‌ದು ಇನ್ನೂ ವಿಚಿತ್ರ. 2024ರ ಮೇನಲ್ಲಿ ಮೈಕ್ರೋಸಾಫ್ಟ್ ಅದನ್ನು ಮುಚ್ಚುತ್ತೇವೆ ಅಂದಿತು, ಆಗಸ್ಟ್‌ನಲ್ಲಿ ಇದೇ ಕ್ರಾಫ್ಟನ್ ಮುಂದೆ ಬಂತು. ತಂಡದವರು ಮತ್ತು ಹೈ-ಫೈ ರಶ್ ಅನ್ನುವ ಒಂದು ಆಟದ ಹಕ್ಕು ಕ್ರಾಫ್ಟನ್‌ಗೆ ಹೋಯಿತು, ಅದೇ ತಂಡ ಮಾಡಿದ ಹಳೆಯ ಆಟಗಳು ಮೈಕ್ರೋಸಾಫ್ಟ್‌ನಲ್ಲೇ ಉಳಿದವು. ‘ಟ್ಯಾಂಗೋ ಸ್ವಾಧೀನ’ ಅಂತ ಸುಮ್ನೆ ಬರೆದರೆ ಇದರಲ್ಲಿ ಒಂದಕ್ಷರವೂ ಗೊತ್ತಾಗುವುದಿಲ್ಲ.

ನಾನು ಏನು ಬರೆಯುತ್ತೇನೆ ಅಂತ ಕೇಳಿದರೆ, ‘ಕೊಂಡಿತು’. ನಾಲ್ಕು ಮಾತ್ರೆ, ಅಚ್ಚ ಕನ್ನಡ, ಯಾರು ಯಾರನ್ನು ಅನ್ನುವ ಗೊಂದಲ ಇಲ್ಲ. ‘ಮೈಕ್ರೋಸಾಫ್ಟ್ ಸ್ವಾಧೀನ’ ಅಂದರೆ ಕೊಂಡವರೋ ಕೊಳ್ಳಲ್ಪಟ್ಟವರೋ ಅಂತ ಕೆಳಗಿನ ಪ್ಯಾರಾವರೆಗೆ ಕಾಯಬೇಕು. ‘ಮೈಕ್ರೋಸಾಫ್ಟ್ ಮೊಜಾಂಗ್ ಅನ್ನು ಕೊಂಡಿತು’ ಅಂದರೆ ಮುಗಿಯಿತು. ಹಿಡಿತದ ಮಾತು ಬಂದಾಗ, ಆಗ ಮಾತ್ರ, ಸ್ವಾಧೀನ.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ಅರ್ಧ ಕೇಳಿದ. ‘ಹಾಗಾದ್ರೆ ಮಾಮ, ನನ್ನ ಫೋನು ಕ್ರಯ ಅಮ್ಮಂದು, ಸ್ವಾಧೀನ ನಂದು’ ಅಂದ. ಅಕ್ಕ ಅಡುಗೆಮನೆಯಿಂದಲೇ ಕೈ ಚಾಚಿ ಫೋನ್ ಇಸಿದುಕೊಂಡಳು.