ಟಿಕೆಟ್ ಹಂಚಿಕೆಯಲ್ಲಿ ಅನ್ಯಾಯವಾದರೆ ಯಾರನ್ನು ಕೇಳುವುದು?

“ಇಪ್ಪತ್ತು ವರ್ಷ ಪಕ್ಷದ ಬಾವುಟ ಕಟ್ಟಿದವರನ್ನು ಬಿಟ್ಟು, ಮೊನ್ನೆ ಸೇರಿದವರಿಗೆ ಬಿ ಫಾರಂ ಕೊಟ್ಟರು. ಕಾನೂನಿನಲ್ಲಿ ಇದನ್ನು ಪ್ರಶ್ನಿಸಬಹುದೇ?” ಮದ್ದೂರು ಕಡೆಯ ಓದುಗರೊಬ್ಬರ ಪ್ರಶ್ನೆ. ಚುನಾವಣೆ ಬಂದಾಗಲೆಲ್ಲ ಮಂಡ್ಯದ ಹೋಟೆಲುಗಳಲ್ಲಿ ಕೇಳಿಬರುವ ಮಾತೂ ಇದೇ.

ಸದ್ಯಕ್ಕೆ ಅಂಥ ದಾರಿಯಿಲ್ಲ. ಪಕ್ಷಗಳ ನೋಂದಣಿಗೆ ಸಂಬಂಧಿಸಿದ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ, ಅಭ್ಯರ್ಥಿಯನ್ನು ಹೇಗೆ ಆರಿಸಬೇಕೆಂದು ಹೇಳುವುದೇ ಇಲ್ಲ. 1968ರ ಚುನಾವಣಾ ಚಿಹ್ನೆಗಳ ಆದೇಶಕ್ಕೆ ಬೇಕಿರುವುದು ಅಧಿಕಾರವುಳ್ಳ ಪದಾಧಿಕಾರಿ ಶಾಯಿಯಲ್ಲಿ ಸಹಿ ಮಾಡಿದ ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ. ಅದು ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಗೆ ತಲುಪಿದರೆ ಸಾಕು. ಅಲ್ಲಿಯವರೆಗೆ ಒಬ್ಬರಿಗೆ ಕೊಟ್ಟದ್ದನ್ನು ರದ್ದುಮಾಡಿ ಇನ್ನೊಬ್ಬರಿಗೆ ಕೊಡಲೂಬಹುದು. ಪಟ್ಟಿಯನ್ನು ಕೊನೆಯ ಗಳಿಗೆಗೆ ತಳ್ಳಿದಷ್ಟೂ ಆಕ್ಷೇಪಿಸಲು ಸಮಯವಿರುವುದಿಲ್ಲ. ನನಗೆ ಹೆಚ್ಚು ನೋವು ತರುವುದು ಇದೇ.

ಬಂಡಾಯ ಏಳಬಹುದಲ್ಲ ಎನ್ನುವವರು 2019ನ್ನು ನೆನಪಿಸುತ್ತಾರೆ. ಜೆಡಿಎಸ್ ಜೊತೆಗಿನ ಮೈತ್ರಿಯಿಂದಾಗಿ ಕಾಂಗ್ರೆಸ್ ಟಿಕೆಟ್ ಸಿಗದ ಸುಮಲತಾ ಅಂಬರೀಷ್ ಪಕ್ಷೇತರರಾಗಿ ನಿಂತು, ಮಂಡ್ಯದಲ್ಲಿ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆದರೆ ಅವರ ಹೆಸರು ಮನೆಮನೆಗೂ ಗೊತ್ತಿತ್ತು, ಬಿಜೆಪಿಯ ಬೆಂಬಲವೂ ಇತ್ತು. ಬೂತ್ ಮಟ್ಟದ ಕಾರ್ಯಕರ್ತನಿಗೆ ಪಕ್ಷೇತರ ನಾಮಪತ್ರಕ್ಕೆ ಸಹಿ ಹಾಕಬೇಕಾದ ಹತ್ತು ಸೂಚಕರು ಸಿಕ್ಕಾರು. ಕ್ಷೇತ್ರ ಸುತ್ತುವ ಖರ್ಚಿಗೆ ಏನು ಮಾಡಿಯಾನು?

ಸದಸ್ಯರೇ ಮತ ಹಾಕಿ ಅಭ್ಯರ್ಥಿಯನ್ನು ಆರಿಸುವ ಪ್ರಯೋಗವೂ ನಡೆದಿದೆ. 2014ರ ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಇದನ್ನು ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ಮಾಡಿತು. ಹಾಗೆ ಆಯ್ಕೆಯಾದ ಇಬ್ಬರೂ ಸೋತರು, ಪದ್ಧತಿ ಬೇರೂರಲಿಲ್ಲ. ಸೋಲಿಗೆ ಪದ್ಧತಿಯನ್ನು ದೂರುವುದು ಸರಿಯಲ್ಲ; ವರಿಷ್ಠರು ಆರಿಸಿದವರೂ ಸೋಲುತ್ತಾರೆ. ಆದರೆ ಮತದಾನಕ್ಕೆ ಮೊದಲು ಸದಸ್ಯರ ಪಟ್ಟಿ ಗಟ್ಟಿಯಾಗಿರಬೇಕು. ಹಣವಂತ ಆಕಾಂಕ್ಷಿ ಒಂದೇ ವಾರದಲ್ಲಿ ಸಾವಿರಾರು ಜನರನ್ನು ಸದಸ್ಯರನ್ನಾಗಿ ಮಾಡಿಸಿಬಿಟ್ಟರೆ ಹಳೆಯ ಕಾರ್ಯಕರ್ತನ ಮತಕ್ಕೆ ಬೆಲೆಯೇ ಉಳಿಯುವುದಿಲ್ಲ. ಆರು ತಿಂಗಳು ಮೊದಲೇ ಪಟ್ಟಿ ಮುಚ್ಚಿ, ಪಕ್ಷದ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು.

ಕಾರಣ ಕೊಡುವುದಂತೂ ಪಕ್ಷಗಳಿಗೆ ಹೊಸದಲ್ಲ. ಕ್ರಿಮಿನಲ್ ಪ್ರಕರಣವಿರುವವರನ್ನೇ ಏಕೆ ಆರಿಸಿದಿರಿ ಎಂಬುದನ್ನು ಪ್ರಕಟಿಸಬೇಕು, ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ಅದೇ ನಿಯಮ ಎಲ್ಲ ಅಭ್ಯರ್ಥಿಗಳಿಗೂ ಅನ್ವಯಿಸಲಿ. ಟಿಕೆಟ್ ಸಿಗದವರಿಗೂ ಕಾರಣ ಬರವಣಿಗೆಯಲ್ಲಿ ಸಿಗಲಿ. ಟಿಕೆಟ್ ಘೋಷಣೆಯಾದ ಮೇಲೆ ಕೇಳಿ ಫಲವಿಲ್ಲ. ಸದಸ್ಯತ್ವ ಅಭಿಯಾನ ನಡೆಯುವಾಗಲೇ ಹತ್ತಾರು ಕಾರ್ಯಕರ್ತರು ಸಹಿ ಮಾಡಿ ತಾಲ್ಲೂಕು ಘಟಕಕ್ಕೆ ಮನವಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.