ಕಿವಿಗೆ ತೆರೆದ ಲೋಕ, ಮೆನುವಿನಲ್ಲೇ ಮುಚ್ಚಿದ ಬಾಗಿಲು

ವರ್ಚುವಲ್ ರಿಯಾಲಿಟಿ (ವಿಆರ್, ಕಂಪ್ಯೂಟರ್ ಕಟ್ಟಿದ ಲೋಕದೊಳಗೇ ಇದ್ದಂತೆ ಅನ್ನಿಸುವ ತಂತ್ರಜ್ಞಾನ) ಹೆಡ್‌ಸೆಟ್ ಎಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಪರದೆ ಎಂಬುದು ಹೆಚ್ಚಿನವರ ತಿಳಿವಳಿಕೆ. ಹಾಗಾಗಿ ಅಂಧರಿಗೂ ವಿಆರ್ ಆಟಗಳಿಗೂ ಏನು ಸಂಬಂಧ ಎಂದು ಕೇಳುವವರೇ ಜಾಸ್ತಿ. ಆ ಸಾಧನದಲ್ಲಿ ಪರದೆಯ ಹೊರತಾಗಿ ಏನೇನಿದೆ ಎಂದು ಒಮ್ಮೆ ನೋಡಬೇಕು. ತಲೆ ಯಾವ ಕಡೆಗೆ ತಿರುಗಿದೆ ಎಂಬುದನ್ನು ಅದು ಕ್ಷಣಕ್ಷಣವೂ ಅಳೆಯುತ್ತದೆ. ಆ ತಿರುವಿಗೆ ತಕ್ಕಂತೆ ಶಬ್ದದ ದಿಕ್ಕನ್ನು ಬದಲಿಸುತ್ತದೆ. ಎರಡೂ ಕೈಯಲ್ಲಿರುವ ಕಂಟ್ರೋಲರ್‌ಗಳು ಕೈ ಎಲ್ಲಿದೆ ಎಂದು ತಿಳಿಸುತ್ತವೆ, ಏನಾದರೂ ತಾಗಿದಾಗ ಕಂಪಿಸುತ್ತವೆ. ದಿಕ್ಕುಳ್ಳ ಶಬ್ದ, ಸ್ಪರ್ಶ, ದೇಹದ ಚಲನೆ ಈ ಮೂರನ್ನೂ ನೆಚ್ಚಿಕೊಂಡೇ ಅಂಧರು ದಿನವೂ ಓಡಾಡುತ್ತಾರೆ. ಟಿವಿ ಮುಂದೆ ಕುಳಿತು ಆಡುವ ಗೇಮ್ ಕನ್ಸೋಲ್‌ಗಳು ಇವನ್ನು ಇಷ್ಟರ ಮಟ್ಟಿಗೆ ಒಂದೆಡೆ ಸೇರಿಸಿರಲಿಲ್ಲ.

ಇಷ್ಟಿದ್ದರೂ ಅಂಧ ಆಟಗಾರರೊಬ್ಬರು ಹೆಡ್‌ಸೆಟ್ ಧರಿಸಿದರೆ, ಪಕ್ಕದಲ್ಲಿ ಕಣ್ಣು ಕಾಣುವವರು ಇಲ್ಲದಿದ್ದಲ್ಲಿ, ಬಹುತೇಕ ಆಟಗಳನ್ನು ಶುರು ಮಾಡುವುದಕ್ಕೂ ಆಗುವುದಿಲ್ಲ. ಮೊದಲ ಅಡ್ಡಿ ಎದುರಾಗುವುದು ಆಟದೊಳಗಿನ ಕಾದಾಟದಲ್ಲಲ್ಲ, ‘ಆರಂಭಿಸು’ ಎಂಬ ಬಟನ್ ಹುಡುಕುವುದರಲ್ಲಿ. ಇದು ತಂತ್ರಜ್ಞಾನದ ಅಸಾಧ್ಯತೆ ಅಲ್ಲ, ಅರ್ಧ ಶತಮಾನದಿಂದ ಹಂತಹಂತವಾಗಿ ಬೆಳೆದು ಬಂದ ಒಂದು ಮರೆವು.

ಕಂಪ್ಯೂಟರ್ ಆಟಗಳ ಆರಂಭದ ದಿನಗಳು ಅಂಧರಿಗೆ ಈಗಿನಷ್ಟು ಕಠಿಣವಾಗಿರಲಿಲ್ಲ. 1977ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಜೋರ್ಕ್’ ಆಟದಲ್ಲಿ ಚಿತ್ರಗಳೇ ಇರಲಿಲ್ಲ. ಎಲ್ಲಿ ನಿಂತಿದ್ದೀರಿ, ಎದುರಿಗೆ ಏನಿದೆ ಎಂಬುದೆಲ್ಲ ಅಕ್ಷರದಲ್ಲಿ ಬರುತ್ತಿತ್ತು, ಏನು ಮಾಡಬೇಕೆಂದು ಆಟಗಾರರು ಟೈಪ್ ಮಾಡುತ್ತಿದ್ದರು. ಮರುವರ್ಷ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಮಡ್’ ಇದೇ ಬಗೆಯ ಅಕ್ಷರಲೋಕಕ್ಕೆ ಹಲವರನ್ನು ಒಟ್ಟಿಗೆ ಕರೆತಂದಿತು. ಅಕ್ಷರವನ್ನು ಧ್ವನಿಯಾಗಿ ಓದುವ ಸಾಧನ ಕೈಗೆ ಬಂದೊಡನೆ ಇಂಥ ಆಟಗಳು ಅಂಧರಿಗೂ ದಕ್ಕಿದವು. ಚಿತ್ರಗಳ ಕಾಲ ಬಂದಾಗ ಆ ಬಾಗಿಲು ಮುಚ್ಚಿತು. ಅಂಧರನ್ನು ಯಾರೂ ಬೇಕೆಂದು ಹೊರಗೆ ಹಾಕಲಿಲ್ಲ, ಏಕೆಂದರೆ ಬೇಕೆಂದು ಒಳಗೆ ಕರೆದವರೂ ಇರಲಿಲ್ಲ.

ಆಗ ಕೆಲವರು ಕಿವಿಯಿಂದಲೇ ಆಡುವ ಆಟಗಳನ್ನು ಕಟ್ಟತೊಡಗಿದರು. 1997ರಲ್ಲಿ ಜಪಾನಿನ ಕೆಂಜಿ ಈನೊ ಸೆಗಾ ಸ್ಯಾಟರ್ನ್ ಕನ್ಸೋಲ್‌ಗಾಗಿ ಚಿತ್ರವೇ ಇಲ್ಲದ ‘ರಿಯಲ್ ಸೌಂಡ್’ ಎಂಬ ಆಟ ತಂದರು, ಅದರ ಪೆಟ್ಟಿಗೆಯಲ್ಲಿ ಬ್ರೈಲ್ ಲಿಪಿಯ ಸೂಚನೆಗಳೂ ಇದ್ದವು. 2001ರ ‘ಶೇಡ್ಸ್ ಆಫ್ ಡೂಮ್’ ಶಬ್ದದ ಆಧಾರದಲ್ಲೇ ಗುರಿಯಿಟ್ಟು ಹೊಡೆಯುವ ಆಟವಾಗಿತ್ತು. 2010ರಲ್ಲಿ ಐಫೋನ್‌ಗೆ ಬಂದ ‘ಪಾಪಾ ಸಾಂಗ್ರೆ’ ಕತ್ತಲೆಯಲ್ಲಿ ಶಬ್ದ ಹಿಡಿದು ನಡೆಯುವ ರೋಚಕತೆಯನ್ನು ಕಣ್ಣಿರುವವರಿಗೂ ಹತ್ತಿಸಿತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಚಿಲಿ ದೇಶದ ಒಂದು ಪ್ರಯೋಗ. ತೊಂಬತ್ತರ ದಶಕದ ಕೊನೆಯಲ್ಲಿ ಮೌರಿಸಿಯೊ ಲುಂಬ್ರೆರಾಸ್ ಮತ್ತು ಹೈಮೆ ಸಾಂಚೆಸ್ ಎಂಬ ಸಂಶೋಧಕರು ಅಂಧ ಮಕ್ಕಳಿಗಾಗಿ ‘ಆಡಿಯೊಡೂಮ್’ ರೂಪಿಸಿದರು. ಮೂರು ಆಯಾಮದ ಶಬ್ದವನ್ನಷ್ಟೇ ಕೇಳುತ್ತ ಮಕ್ಕಳು ಕಾರಿಡಾರ್‌ಗಳಲ್ಲಿ ನಡೆಯಬೇಕು, ಬಾಗಿಲು ತೆರೆಯಬೇಕು, ಎದುರಾದವರನ್ನು ಎದುರಿಸಬೇಕು. ಆಟ ಮುಗಿದ ಮೇಲೆ ಅವರ ಕೈಗೆ ಲೆಗೊ ತುಂಡುಗಳನ್ನು ಕೊಟ್ಟು, ಎಲ್ಲೆಲ್ಲಿ ಓಡಾಡಿದಿರೋ ಆ ಜಾಗವನ್ನು ಕಟ್ಟಿ ಎಂದರು. ಮಕ್ಕಳು ಕಟ್ಟಿ ತೋರಿಸಿದರು. ಕಣ್ಣಿಗೆ ಬೀಳದ, ಕೈಗೂ ಸಿಗದ, ಕೇವಲ ಶಬ್ದದಲ್ಲಿ ಇದ್ದ ಜಾಗದ ನಕ್ಷೆ ಅವರ ಮನಸ್ಸಿನಲ್ಲಿ ಮೂಡಿತ್ತು. ಅಂಧರಿಗೆ ವರ್ಚುವಲ್ ಲೋಕ ಸಾಧ್ಯವೇ ಎಂಬ ಪ್ರಶ್ನೆಗೆ ಗ್ರಾಹಕರ ಕೈಗೆ ಈಗಿನ ಹೆಡ್‌ಸೆಟ್‌ಗಳು ಬರುವ ಮೊದಲೇ ಉತ್ತರ ಸಿಕ್ಕಿತ್ತು.

ಅಂಥ ಆಟಗಳಿಗಿದ್ದ ಒಂದು ಮಿತಿಯನ್ನು ನೀಗುವ ಶಕ್ತಿ ವಿಆರ್‌ಗೆ ಇದೆ. ಬಲಗಡೆಯಿಂದ ಬಂದ ಶಬ್ದ ಎಡಗಿವಿಗೆ ಸ್ವಲ್ಪ ತಡವಾಗಿ ತಲುಪುತ್ತದೆ. ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಅಂತರ, ಆದರೂ ಮಿದುಳು ಅದನ್ನು ಗುರುತಿಸುತ್ತದೆ. ಎರಡು ಕಿವಿಗಳ ನಡುವಿನ ಈ ವ್ಯತ್ಯಾಸದ ಲೆಕ್ಕವನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲಿ ವಿವರಿಸಿದ್ದರು. ತೊಡಕಿರುವುದು ನೇರ ಮುಂದಿನಿಂದ ಮತ್ತು ನೇರ ಹಿಂದಿನಿಂದ ಬರುವ ಶಬ್ದಗಳಲ್ಲಿ. ಅವು ಎರಡೂ ಕಿವಿಗಳಿಗೆ ಒಟ್ಟಿಗೇ ತಲುಪುತ್ತವೆ. ಹೊರಗಿವಿಯ ಮಡಿಕೆಗಳು ಒಂದಿಷ್ಟು ಸುಳಿವು ಕೊಡುತ್ತವೆ, ಉಳಿದದ್ದನ್ನು ನಾವು ತಲೆ ಕೊಂಚ ಹೊರಳಿಸಿ ಪತ್ತೆ ಹಚ್ಚುತ್ತೇವೆ. ಮಾಮೂಲಿ ಇಯರ್‌ಫೋನ್‌ನಲ್ಲಿ ತಲೆ ಹೊರಳಿಸಿದರೆ ಶಬ್ದವೂ ತಲೆಯೊಂದಿಗೇ ಹೊರಳುವುದರಿಂದ ಗೊಂದಲ ಹಾಗೇ ಉಳಿಯುತ್ತದೆ. ವಿಆರ್‌ನಲ್ಲಿ ಹಾಗಾಗುವುದಿಲ್ಲ: ತಲೆ ತಿರುಗಿದರೂ ಶಬ್ದ ತನ್ನ ಜಾಗದಲ್ಲೇ ನಿಲ್ಲುತ್ತದೆ. ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಎಂಬತ್ತರ ದಶಕದಲ್ಲೇ ಇಂಥ ಶಬ್ದವನ್ನು ಆಯಾ ಕ್ಷಣದಲ್ಲಿ ಸೃಷ್ಟಿಸುವ ಕೆಲಸ ನಡೆದಿತ್ತು. ಅದಕ್ಕೂ ಮೊದಲು, 1965ರಲ್ಲಿ, ಕಂಪ್ಯೂಟರ್ ಗ್ರಾಫಿಕ್ಸ್‌ನ ಹರಿಕಾರ ಐವನ್ ಸದರ್ಲ್ಯಾಂಡ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇಂಥ ಸಾಧನ ಸಾಧ್ಯವಾದಷ್ಟು ಹೆಚ್ಚು ಇಂದ್ರಿಯಗಳಿಗೆ ಒದಗಬೇಕು ಎಂದಿದ್ದರು.

ಮಾರುಕಟ್ಟೆ ಹಿಡಿದದ್ದು ಬೇರೆ ದಾರಿ. 2012ರಲ್ಲಿ ಆಕ್ಯುಲಸ್ ಕಂಪನಿಯ ರಿಫ್ಟ್ ಹೆಡ್‌ಸೆಟ್‌ಗಾಗಿ ಜನರಿಂದ ಹಣ ಸಂಗ್ರಹವಾಯಿತು, 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಕೊಂಡಿತು, 2016ರಲ್ಲಿ ರಿಫ್ಟ್ ಮತ್ತು ಎಚ್‌ಟಿಸಿ ವೈವ್ ಗ್ರಾಹಕರ ಕೈಸೇರಿದವು. ಪೈಪೋಟಿ ನಡೆದದ್ದು ಮುಖ್ಯವಾಗಿ ಚಿತ್ರದ ಸ್ಪಷ್ಟತೆಯ ಮೇಲೆ. ಗೋಡೆಗೆ ಡಿಕ್ಕಿಯಾಗದಿರಲೆಂದು ಮಾಡಿದ ಸುರಕ್ಷತಾ ಗಡಿ ಕೂಡ ಕಣ್ಣಿಗೆ ಕಾಣುವ ಬಲೆಯಾಗಿ ಬಂತು. ಕಣ್ಣಿನಿಂದ ನೋಡುತ್ತಲೇ ಅದನ್ನು ಗೆರೆ ಎಳೆದು ಗುರುತಿಸಬೇಕಾಗಿತ್ತು. ಯಾರಿಗೆ ಆ ಎಚ್ಚರಿಕೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಅದು ತಲುಪಲಿಲ್ಲ.

ಸಂಶೋಧಕರು ಸುಮ್ಮನೆ ಕೂರಲಿಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಯುಹಾಂಗ್ ಝಾವೊ ಮತ್ತು ಸಂಗಡಿಗರು ‘ಕೇನ್‌ಟ್ರೋಲರ್’ ತೋರಿಸಿದರು. ಇದು ವಿಆರ್‌ಗಾಗಿ ಮಾಡಿದ ಬಿಳಿಕೋಲು. ಆಟಗಾರರ ಕೈಯಲ್ಲಿ ಕೋಲಿನ ಹಿಡಿ, ಸೊಂಟಕ್ಕೆ ಕಟ್ಟಿಕೊಂಡ ಸಾಧನದಲ್ಲಿ ಒಂದು ಬ್ರೇಕ್. ಕಾಲ್ಪನಿಕ ಕೋಲು ಕಾಲ್ಪನಿಕ ಗೋಡೆಗೆ ತಾಗಿದ ಕೂಡಲೇ ಬ್ರೇಕ್ ಬಿಗಿಯಾಗುತ್ತದೆ, ಕೈ ಮುಂದೆ ಹೋಗುವುದಿಲ್ಲ. ನೆಲ ಮುಟ್ಟಿದಾಗ ಹಿಡಿಯಲ್ಲಿ ಕಂಪನ ಹುಟ್ಟುತ್ತದೆ, ಮೇಲ್ಮೈಗೆ ತಕ್ಕಂತೆ ಕಂಪನ ಮತ್ತು ಸದ್ದು ಎರಡೂ ಬದಲಾಗುತ್ತವೆ. ಒಂಬತ್ತು ಮಂದಿ ಇದನ್ನು ಬಳಸಿ ನೋಡಿದರು, ಎಂಟು ಮಂದಿಗೆ ವರ್ಚುವಲ್ ಜಾಗದಲ್ಲಿ ದಾರಿ ಸಿಕ್ಕಿತು. ತಾವು ಮೊದಲೇ ಕಲಿತ ವಿದ್ಯೆಯನ್ನೇ ಅವರು ಅಲ್ಲಿ ಬಳಸಿದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಅಂಧರನ್ನು ಹೊಸ ಭಾಷೆ ಕಲಿಯಿರಿ ಎಂದು ಪೀಡಿಸದೆ, ಅವರ ಭಾಷೆಯನ್ನು ಯಂತ್ರಕ್ಕೆ ಕಲಿಸಿದ ಕೆಲಸ ಅದು. ಮರುವರ್ಷ ಅದೇ ತಂಡದವರು ಮಂದದೃಷ್ಟಿಯವರಿಗಾಗಿ ‘ಸೀಯಿಂಗ್ ವಿಆರ್’ ಎಂಬ ಹದಿನಾಲ್ಕು ಉಪಕರಣಗಳ ಗುಚ್ಛ ತಂದರು: ಹಿಗ್ಗಿಸುವುದು, ಅಂಚುಗಳನ್ನು ಎತ್ತಿ ತೋರಿಸುವುದು, ಬರಹವನ್ನು ಓದಿ ಹೇಳುವುದು ಇತ್ಯಾದಿ.

ಹಾಗಾದರೆ ಮೆನು ಏಕೆ ಇನ್ನೂ ಮೂಕ? ಮೊಬೈಲ್‌ನಲ್ಲಿ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಕೆಲಸ ಮಾಡುವುದು ಪರದೆಯ ಚಿತ್ರ ನೋಡಿ ಅಲ್ಲ. ಇದು ಬಟನ್, ಇದರ ಹೆಸರು ಇದು, ಈಗ ಇದು ಆಯ್ಕೆಯಾಗಿದೆ ಎಂಬ ಮಾಹಿತಿಯನ್ನು ಆ್ಯಪ್ ಆಪರೇಟಿಂಗ್ ಸಿಸ್ಟಮ್‌ಗೆ ಕೊಡುತ್ತದೆ, ಸ್ಕ್ರೀನ್ ರೀಡರ್ ಓದುವುದು ಅದನ್ನು. ಆಟ ಕಟ್ಟಲು ಬಳಸುವ ತಂತ್ರಾಂಶಗಳಾದ ಗೇಮ್ ಎಂಜಿನ್‌ಗಳು ಈ ವ್ಯವಸ್ಥೆಯನ್ನು ಬದಿಗಿಟ್ಟು ಎಲ್ಲವನ್ನೂ ತಾವೇ ಬಣ್ಣದ ಚುಕ್ಕಿಗಳಾಗಿ ಬಿಡಿಸುತ್ತವೆ. ಕಣ್ಣಿಗೆ ಬಟನ್ ಕಾಣುತ್ತದೆ, ಸ್ಕ್ರೀನ್ ರೀಡರ್‌ಗೆ ಅಲ್ಲಿ ಏನೂ ಇಲ್ಲ. ಕಾನೂನಿನ ಒತ್ತಡವೂ ಅಷ್ಟಕ್ಕಷ್ಟೆ. ಅಮೆರಿಕದ 2010ರ ಸಂವಹನ ಸುಗಮತಾ ಕಾಯ್ದೆಯಿಂದ ಗೇಮ್‌ಗಳಿಗೆ 2018ರ ಕೊನೆಯವರೆಗೆ ವಿನಾಯಿತಿ ಇತ್ತು; ಆಮೇಲೂ ಅದು ಅನ್ವಯಿಸುವುದು ಆಟಗಾರರು ಪರಸ್ಪರ ಮಾತನಾಡುವ ಚಾಟ್‌ನಂಥ ಭಾಗಗಳಿಗೆ, ಆಟಕ್ಕಲ್ಲ.

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್ ಭಾಗ 2’ ತೋರಿಸಿತು. ವಿಆರ್ ಅಲ್ಲದ ಆ ದೊಡ್ಡ ಆಟದಲ್ಲಿ ಮೆನು ಮಾತನಾಡುತ್ತದೆ, ಶಬ್ದ ದಾರಿ ತೋರುತ್ತದೆ. ಅಂಧರು ಅದನ್ನು ಕೊನೆಯವರೆಗೂ ಆಡಿ ಮುಗಿಸಿದರು. ವಿಆರ್‌ನಲ್ಲಿ ಆ ಮಟ್ಟದ ಪ್ರಯತ್ನ ಕಂಡದ್ದು 2023ರಲ್ಲಿ. ಔಲ್‌ಕೆಮಿ ಲ್ಯಾಬ್ಸ್ ತನ್ನ ‘ಕಾಸ್ಮೋನಿಯಸ್ ಹೈ’ ಆಟಕ್ಕೆ ಅಂಧರು ಮತ್ತು ಮಂದದೃಷ್ಟಿಯವರಿಗಾಗಿಯೇ ಒಂದು ಅಪ್‌ಡೇಟ್ ಕೊಟ್ಟಿತು. ಕೈ ಚಾಚಿದ ದಿಕ್ಕಿನಲ್ಲಿರುವ ವಸ್ತು ಯಾವುದೆಂದು ಧ್ವನಿ ಹೇಳುತ್ತದೆ, ಕಂಟ್ರೋಲರ್ ಕಂಪಿಸಿ ಖಚಿತಪಡಿಸುತ್ತದೆ. ಮರುವರ್ಷ ಬಂದ ಆ್ಯಪಲ್ ವಿಷನ್ ಪ್ರೊ ಹೆಡ್‌ಸೆಟ್‌ನಲ್ಲಿ ಆ್ಯಪಲ್‌ನ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್ ಮೊದಲ ದಿನದಿಂದಲೇ ಇತ್ತು. ಬೆರಳುಗಳನ್ನು ಜೋಡಿಸಿ ಪರದೆಯ ಒಂದು ಅಂಶದಿಂದ ಇನ್ನೊಂದಕ್ಕೆ ಸಾಗಬಹುದು.

ಕಷ್ಟದ ಪ್ರಶ್ನೆಗಳು ಇನ್ನೂ ಇವೆ. ಕೋಣೆಯಲ್ಲಿ ನೂರು ವಸ್ತುಗಳಿದ್ದರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು? ಎದುರಾಳಿ ನುಗ್ಗುತ್ತಿರುವಾಗ ವಿವರಣೆ ಕೇಳುತ್ತ ಕೂರುವ ವ್ಯವಧಾನ ಎಲ್ಲಿದೆ? ಜನ ಸೇರುವ ವಿಆರ್ ತಾಣಗಳಲ್ಲಿ ಮಾತಾಡದೆ ಹತ್ತಿರ ಬಂದು ನಿಂತವರು ಯಾರೆಂದು ತಿಳಿಯುವುದು ಹೇಗೆ? ಇವಕ್ಕೆ ಅಂಧ ಆಟಗಾರರನ್ನು ಆಟ ಕಟ್ಟುವ ಮೊದಲ ದಿನದಿಂದ ಜೊತೆಗೆ ಕೂರಿಸಿಕೊಂಡವರಿಗಷ್ಟೇ ಉತ್ತರ ಸಿಗುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಸಿದ್ಧವಾಗಿರುವ ಆಟದ ದೃಶ್ಯವನ್ನು ಕೃತಕ ಬುದ್ಧಿಮತ್ತೆಯಿಂದ ಗುರುತಿಸಿ ವಿವರಿಸುವ ಪ್ರಯೋಗಗಳೂ ಈಗ ನಡೆಯುತ್ತಿವೆ. ಹಳೆಯ ಆಟಗಳಿಗೆ ಅದು ನಿಜಕ್ಕೂ ಬೇಕು. ಹೊಸ ಆಟಗಳಲ್ಲಿ ಮಾತ್ರ ಅದು ಸುತ್ತುಬಳಸಿನ ದಾರಿ. ಬಾಗಿಲನ್ನು ಇಟ್ಟವರಿಗೆ ಅದು ಬಾಗಿಲೆಂದು ಗೊತ್ತು, ಆಟದ ಒಳಗಿನ ಕಡತದಲ್ಲಿ ಅದಕ್ಕೊಂದು ಹೆಸರೂ ಇರುತ್ತದೆ. ಚಿತ್ರ ಬಿಡಿಸುವಾಗ ಆ ಹೆಸರನ್ನು ಕೈಬಿಟ್ಟು, ಆಮೇಲೆ ಇನ್ನೊಂದು ಯಂತ್ರದಿಂದ ಊಹೆ ಮಾಡಿಸುವ ಬದಲು, ಎಂಜಿನ್ ಅದನ್ನು ಹೊರಗೆ ದಾಟಿಸಿದರೆ ಸಾಕು. 2025ರಲ್ಲಿ ಬಂದ ಗೊಡೊ 4.5 ಎಂಜಿನ್ ಸ್ಕ್ರೀನ್ ರೀಡರ್‌ಗೆ ಬೆಂಬಲ ಸೇರಿಸಿದೆ. ಯುನಿಟಿ ಎಂಬ ಇನ್ನೊಂದು ಎಂಜಿನ್ ಅದಕ್ಕೂ ಮೊದಲೇ ಮೊಬೈಲ್ ಆಟಗಳಿಗೆ ಆ ಸೌಲಭ್ಯ ತಂದಿದೆ. ಎರಡೂ ಆರಂಭಿಸಿರುವುದು ಮೆನು ಮತ್ತು ಬಟನ್‌ಗಳಿಂದ. ಮೂರು ಆಯಾಮದ ಲೋಕದೊಳಗಿನ ಮೇಜು, ಮೆಟ್ಟಿಲು, ಎದುರಾಳಿಗಳ ಹೆಸರು ಕಿವಿಗೆ ತಲುಪಿಸುವ ಕೆಲಸ ಒಂದೊಂದು ಆಟ ಕಟ್ಟುವವರ ಪಾಲಿಗೇ ಉಳಿದಿದೆ.